ಕಿಟ್ಟಿ ಓದಲಾಗದ ಪುಸ್ತಕ

ಹೋದ ಬೇಸಿಗೆಯಲ್ಲಿ ಲೈಬ್ರರಿ ಕೆಲಸಕ್ಕೆಂದು ಬೆಂಗಳೂರಿಗೆ ಹೋದವಳು ಹತ್ತು ದಿನ ಚಿಕ್ಕಪ್ಪನ ಮನೆಯಲ್ಲಿ ಉಳಿದಿದ್ದೆ. ಚಿಕ್ಕಪ್ಪನ ಮಗಳಿಗೆ ಈಗ ಹದಿನಾರು. ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿಸಿ, ಫಲಿತಾಂಶಕ್ಕೆ ಕಾಯುತ್ತಾ, ಎರಡು ದಿನಕ್ಕೊಂದು ಪುಸ್ತಕ ಮುಗಿಸುತ್ತಿದ್ದಳು. ಅವಳ ಮಂಚದ ಪಕ್ಕದ ಕಪಾಟಿನಲ್ಲಿ ಸುಜಾನ್ ಕಾಲಿನ್ಸ್ ಅವರ 'ದಿ ಹಂಗರ್ ಗೇಮ್ಸ್', ಜೆನ್ನಿ ಹಾನ್ ಅವರ 'ದಿ ಸಮ್ಮರ್ ಐ ಟರ್ನ್ಡ್ ಪ್ರೆಟಿ', ಆಲಿಸ್ ಓಸ್ಮನ್ ಅವರ 'ಹಾರ್ಟ್‌ಸ್ಟಾಪರ್', ಆಂಜಿ ಥಾಮಸ್ ಅವರ 'ದಿ ಹೇಟ್ ಯು ಗಿವ್' ಸಾಲಾಗಿದ್ದವು. ಎಲ್ಲವೂ ಇಂಗ್ಲಿಷಿನವು. ಎಲ್ಲದರ ನಾಯಕ ನಾಯಕಿಯರೂ ಅವಳದೇ ವಯಸ್ಸಿನ ಆಸುಪಾಸಿನವರು.

ಒಂದು ರಾತ್ರಿ ಊಟವಾದ ಮೇಲೆ ಕೇಳಿದಳು: "ಅಕ್ಕ, ನೀನು ಕನ್ನಡ ಕಾದಂಬರಿ ಮೇಲೆ ಪಿಎಚ್‌ಡಿ ಮಾಡ್ತಿದ್ದೀಯಲ್ಲ. ನನ್ನ ವಯಸ್ಸಿನವರಿಗೆ ಅಂತ ಬರೆದಿರೋ ಒಂದು ಕನ್ನಡ ಕಾದಂಬರಿ ಕೊಡು. ನಿಧಾನ ಆಗುತ್ತೆ, ಆದ್ರೂ ಓದ್ತೀನಿ."

ಇಷ್ಟು ಸುಲಭದ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಎರಡು ದಿನ ಬೇಕಾಯಿತು. ಪಂಜೆಯವರಿಂದ ಹಿಡಿದು ಇವತ್ತಿನವರೆಗೆ ಮಕ್ಕಳಿಗೆ ಕೊಡಲು ಹತ್ತಾರು ಹೆಸರು ನೆನಪಾದವು. ದೊಡ್ಡವರಿಗಾದರೆ ಪಟ್ಟಿಗೆ ಕೊನೆಯೇ ಇಲ್ಲ. ನಡುವಿನ ಈ ಹುಡುಗಿಗೆ ಏನು ಕೊಡಲಿ? 'ಕರ್ವಾಲೋ' ಎಂದುಕೊಂಡೆ. ಅದನ್ನು ಹದಿನಾರರ ಎಷ್ಟೋ ಹುಡುಗ ಹುಡುಗಿಯರು ಮೈಮರೆತು ಓದಿದ್ದಾರೆ, ನಿಜ. ಆದರೆ ಅದರ ನಿರೂಪಕ ಒಬ್ಬ ಕೃಷಿಕ, ದೊಡ್ಡವನು. ತ್ರಿವೇಣಿ? ಅವರ ನಾಯಕಿಯರ ಕಷ್ಟಗಳು ಹೆಚ್ಚಾಗಿ ಮದುವೆಯಿಂದಲೋ ಮದುವೆಯ ಮಾತಿನಿಂದಲೋ ಶುರುವಾಗುವಂಥವು. ಕೊನೆಗೆ ಶ್ರೀಕೃಷ್ಣ ಆಲನಹಳ್ಳಿಯವರ 'ಕಾಡು' ಕೊಟ್ಟೆ. ಗಿರೀಶ ಕಾರ್ನಾಡರು 1973ರಲ್ಲಿ ಸಿನಿಮಾ ಮಾಡಿದ ಕಾದಂಬರಿ. ಇಡೀ ಊರಿನ ದ್ವೇಷ, ಚಿಕ್ಕಪ್ಪನ ಅಕ್ರಮ ಸಂಬಂಧ, ಒಳಗೊಳಗೇ ಬೇಯುವ ಚಿಕ್ಕಮ್ಮ, ಎಲ್ಲವನ್ನೂ ಕಿಟ್ಟಿ ಎಂಬ ಹುಡುಗನ ಕಣ್ಣಿನಿಂದ ಕಾಣಿಸುವ ಪುಸ್ತಕ. ಕಿಟ್ಟಿ ಇವಳಿಗಿಂತ ತುಂಬಾ ಚಿಕ್ಕವನು. ಆದರೂ ನಾಯಕ ದೊಡ್ಡವನಲ್ಲವಲ್ಲ ಎಂಬ ಧೈರ್ಯದಿಂದ ಕೊಟ್ಟೆ.

ಮೂರು ವಾರದ ಮೇಲೆ ಫೋನ್ ಮಾಡಿದಳು. "ಮುಗಿಸಿದೆ ಅಕ್ಕ. ತುಂಬಾ ಚೆನ್ನಾಗಿದೆ. ಆದ್ರೆ ಕಿಟ್ಟಿಗೆ ಅರ್ಥ ಆಗದೆ ಇರೋದು ನಮಗೆ ಅರ್ಥ ಆಗ್ಬೇಕು ಅಂತ ಬರೆದಿದ್ದಾರೆ, ಅಲ್ವಾ? ಅವನ ತಲೆ ಮೇಲಿಂದ ನಮ್ಮ ಹತ್ರ ಮಾತಾಡ್ತಾರೆ. ಈ ಪುಸ್ತಕ ಕಿಟ್ಟಿ ಓದೋಕೆ ಆಗಲ್ಲ."

ನಾಲ್ಕು ವರ್ಷದಿಂದ ಕನ್ನಡ ಕಾದಂಬರಿಗಳಲ್ಲಿನ ಬಾಲ್ಯದ ಬಗ್ಗೆ ಟಿಪ್ಪಣಿ ಮಾಡುತ್ತಿದ್ದೇನೆ. ಇಷ್ಟು ನೇರವಾಗಿ ಒಂದು ಸಾಲನ್ನೂ ನಾನು ಬರೆದಿರಲಿಲ್ಲ. ಆ ಮಾತು ಹಿಡಿದುಕೊಂಡೇ ಈ ಬರಹ.

*

ಹದಿಹರೆಯದವರ ಸಾಹಿತ್ಯ ಎಂದರೆ ಹದಿಹರೆಯದವರ ಬಗ್ಗೆ ಬರೆದದ್ದು ಎಂದು ನಾವು ಸುಲಭವಾಗಿ ಅಂದುಕೊಳ್ಳುತ್ತೇವೆ. ಹಾಗಾದರೆ ಕನ್ನಡಕ್ಕೆ ಬಡತನವಿಲ್ಲ. ಅನಂತಮೂರ್ತಿಯವರ 'ಘಟಶ್ರಾದ್ಧ' ಇದೆ, 'ಕಾಡು' ಇದೆ, ಆತ್ಮಕತೆಗಳ ಮೊದಲ ಅಧ್ಯಾಯಗಳಂತೂ ತುಂಬಿ ತುಳುಕುತ್ತವೆ. ಆದರೆ ಇವೆಲ್ಲ ಆ ವಯಸ್ಸನ್ನು ದಾಟಿದವರು ಆ ವಯಸ್ಸನ್ನು ದಾಟಿದವರಿಗಾಗಿ ಬರೆದವು. ಹುಡುಗನ ಮುಗ್ಧತೆ ಅಲ್ಲಿ ಒಂದು ಗಾಜು. ಅದರ ಮೂಲಕ ದೊಡ್ಡವರ ಲೋಕ ಇನ್ನಷ್ಟು ಕ್ರೂರವಾಗಿ ಕಾಣಬೇಕು. ಓದುಗ ನಾಯಕನಿಗಿಂತ ಒಂದು ಮೆಟ್ಟಿಲು ಮೇಲೆ ನಿಂತಿರುತ್ತಾನೆ. ಇದು ಕೊರತೆಯಲ್ಲ, ಆ ಕೃತಿಗಳ ಶಕ್ತಿಯೇ ಅದು. ಆದರೆ ಹದಿನಾರರ ಓದುಗಳಿಗೆ ಬೇಕಾದದ್ದು ಇನ್ನೊಂದು ಬಗೆಯದು: ನಾಯಕಿಯೂ ಓದುಗಳೂ ಒಂದೇ ಮೆಟ್ಟಿಲಿನ ಮೇಲೆ ನಿಂತು, ಮುಂದೇನಾಗುತ್ತದೋ ಎಂದು ಇಬ್ಬರೂ ಒಟ್ಟಿಗೆ ಹೆದರುವಂಥದ್ದು.

ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ಸ್ಪಷ್ಟ ಉದಾಹರಣೆ ಅಮೆರಿಕದ್ದು. ಓಕ್ಲಹೋಮಾದ ಟಲ್ಸಾ ಊರಿನ ಎಸ್. ಇ. ಹಿಂಟನ್ ಹೈಸ್ಕೂಲಿನಲ್ಲಿದ್ದಾಗಲೇ 'ದಿ ಔಟ್‌ಸೈಡರ್ಸ್' ಬರೆಯಲು ತೊಡಗಿದರು. ಅದು 1967ರಲ್ಲಿ ಪ್ರಕಟವಾದಾಗ ಅವರಿಗೆ ಹದಿನೆಂಟು. ಪೂರ್ಣ ಹೆಸರಿನ ಬದಲು ಮೊದಲಕ್ಷರಗಳನ್ನಷ್ಟೇ ಹಾಕಿದ್ದಕ್ಕೆ ಕಾರಣ, ಗಂಡುಹುಡುಗರ ಗುಂಪುಗಳ ಜಗಳದ ಈ ಕಥೆಯನ್ನು ಹುಡುಗಿ ಬರೆದಿದ್ದಾಳೆಂದು ಗೊತ್ತಾದರೆ ವಿಮರ್ಶಕರು ಬದಿಗಿಡಬಹುದು ಎಂಬ ಪ್ರಕಾಶಕರ ಭಯ. ಅದೇ ವರ್ಷ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ಅವರು ಒಂದು ಲೇಖನವನ್ನೂ ಬರೆದರು. ತಮ್ಮ ವಯಸ್ಸಿನವರಿಗೆಂದು ಬರುವ ಪುಸ್ತಕಗಳಲ್ಲಿ ತಮ್ಮ ಬದುಕೇ ಇಲ್ಲ ಎಂಬುದು ಅದರ ದೂರು.

'ದಿ ಔಟ್‌ಸೈಡರ್ಸ್' ನಾನು ಮೊದಲು ಓದಿದ್ದು ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ, ಸಂಶೋಧನೆಗೆ ಸೇರಿದ ಮೇಲೆ. ಹದಿನಾಲ್ಕರ ಪೋನಿಬಾಯ್ ತನ್ನ ಗೆಳೆಯರ ಸಾವುಗಳನ್ನು ಕಂಡ ಮೇಲೆ ಶಾಲೆಯಲ್ಲಿ ಹಿಂದೆ ಬೀಳುತ್ತಾನೆ. ಇಂಗ್ಲಿಷ್ ಮೇಷ್ಟ್ರು ಒಂದು ಪ್ರಬಂಧ ಬರೆದು ತಂದರೆ ಪಾಸು ಮಾಡುತ್ತೇನೆ ಎನ್ನುತ್ತಾರೆ. ನಾವು ಅಷ್ಟು ಹೊತ್ತು ಓದಿದ್ದು ಆ ಪ್ರಬಂಧವನ್ನೇ ಎಂದು ಕೊನೆಯ ಪುಟದಲ್ಲಿ ತಿಳಿಯುತ್ತದೆ. ಅಂದರೆ ಆ ಪುಸ್ತಕವನ್ನು ಅದರ ನಾಯಕ ಓದಬಲ್ಲ, ಅಷ್ಟೇ ಅಲ್ಲ, ಅವನೇ ಬರೆದಿದ್ದಾನೆ. ಆಮೇಲೆ ಬಂದ ಮುಖ್ಯ ಪುಸ್ತಕಗಳಲ್ಲೂ ಈ ಗುಣ ಮತ್ತೆ ಮತ್ತೆ ಕಾಣುತ್ತದೆ. ಸ್ಟೀಫನ್ ಚ್ಬಾಸ್ಕಿಯವರ 'ದಿ ಪರ್ಕ್ಸ್ ಆಫ್ ಬೀಯಿಂಗ್ ಎ ವಾಲ್‌ಫ್ಲವರ್' ಇಡೀ ಚಾರ್ಲಿ ಎಂಬ ಹುಡುಗ ಬರೆದ ಪತ್ರಗಳು. ವಾಲ್ಟರ್ ಡೀನ್ ಮೈಯರ್ಸ್ ಅವರ 'ಮಾನ್‌ಸ್ಟರ್'ನಲ್ಲಿ ಕೊಲೆಯ ಆರೋಪ ಹೊತ್ತ ಹದಿನಾರರ ಸ್ಟೀವ್ ತನ್ನ ವಿಚಾರಣೆಯನ್ನು ತಾನೇ ಸಿನಿಮಾ ಚಿತ್ರಕಥೆಯ ಹಾಗೆ ಬರೆದುಕೊಳ್ಳುತ್ತಾನೆ. 2000ದಲ್ಲಿ ಶುರುವಾದ ಮೈಕೇಲ್ ಪ್ರಿಂಟ್ಜ್ ಪ್ರಶಸ್ತಿಯ ಮೊದಲ ಪುಸ್ತಕ ಅದು.

'ಯಂಗ್ ಅಡಲ್ಟ್' ಎಂಬ ಕಪಾಟನ್ನು ಅಲ್ಲಿ ಕಟ್ಟಿದವರಲ್ಲಿ ಗ್ರಂಥಪಾಲಕರ ಪಾಲು ದೊಡ್ಡದು. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ 1957ರಲ್ಲಿ ಮಕ್ಕಳ ವಿಭಾಗದಿಂದ ಈ ವಯಸ್ಸಿನವರನ್ನು ಬೇರೆ ಮಾಡಿ ಅವರಿಗೆಂದೇ ಒಂದು ವಿಭಾಗ ತೆರೆಯಿತು. ಹಿಂಟನ್‌ರ ಪುಸ್ತಕ ಪ್ರಕಟವಾಗುವುದಕ್ಕೂ ಹತ್ತು ವರ್ಷ ಮೊದಲು. ಮಕ್ಕಳ ಕೋಣೆಯಲ್ಲಿ ಕೂರಲು ನಾಚುವ, ದೊಡ್ಡವರ ಕೋಣೆಯಲ್ಲಿ ಯಾರೂ ಮಾತಾಡಿಸದ ಓದುಗರನ್ನು ದಿನವೂ ನೋಡುತ್ತಿದ್ದವರು ಗ್ರಂಥಪಾಲಕರೇ. ಮೊದಲು ಕುರ್ಚಿ ಹಾಕಿದರು, ಪುಸ್ತಕಗಳು ಆಮೇಲೆ ಬಂದವು.

*

ಹದಿಹರೆಯ ಎನ್ನುವುದು ಒಂದೇ ಕೋಣೆಯೂ ಅಲ್ಲ. ಇಂಗ್ಲಿಷ್ ಪ್ರಕಾಶನದಲ್ಲಿ ಎಂಟರಿಂದ ಹನ್ನೆರಡರವರೆಗಿನವರ ಪುಸ್ತಕಗಳನ್ನು 'ಮಿಡ್ಲ್ ಗ್ರೇಡ್' ಎನ್ನುತ್ತಾರೆ. ಅಲ್ಲಿಂದ ಹದಿನೆಂಟರವರೆಗೆ 'ಯಂಗ್ ಅಡಲ್ಟ್'. ಆದರೆ ಆ ಒಂದೇ ಹೆಸರಿನೊಳಗೂ ಹನ್ನೆರಡರ ಮೇಲೆ, ಹದಿನಾಲ್ಕರ ಮೇಲೆ ಎಂದು ಸಣ್ಣ ಅಕ್ಷರದ ಗುರುತುಗಳಿರುತ್ತವೆ. ಹದಿಮೂರರ ಹುಡುಗಿಗೂ ಹದಿನೇಳರ ಹುಡುಗಿಗೂ ಒಂದೇ ಪುಸ್ತಕ ಸಲ್ಲುವುದಿಲ್ಲ ಎಂಬುದು ತಾಯಂದಿರಿಗೆ ಗೊತ್ತಿರುವಷ್ಟೇ ಪ್ರಕಾಶಕರಿಗೂ ಗೊತ್ತು.

ನನ್ನ ಓದಿನಲ್ಲಿ ಕಂಡ ವ್ಯತ್ಯಾಸ ಇಷ್ಟು. ಹದಿಮೂರು ಹದಿನಾಲ್ಕರವರ ಕಥೆಯಲ್ಲಿ ಮುಖ್ಯ ಪ್ರಶ್ನೆ ಗುಂಪಿನದು: ನನ್ನನ್ನು ಇವರು ಸೇರಿಸಿಕೊಳ್ಳುತ್ತಾರೋ ಇಲ್ಲವೋ? ಗೆಳೆತನ, ಅವಮಾನ, ಮೈಯಲ್ಲಾಗುವ ಬದಲಾವಣೆ, ಅಪ್ಪ ಅಮ್ಮನೂ ತಪ್ಪು ಮಾಡುತ್ತಾರೆಂಬ ಮೊದಲ ಆಘಾತ. 1970ರಲ್ಲಿ ಬಂದ ಜೂಡಿ ಬ್ಲೂಮ್ ಅವರ 'ಆರ್ ಯು ದೇರ್ ಗಾಡ್? ಇಟ್ಸ್ ಮಿ, ಮಾರ್ಗರೆಟ್' ಇಂಥದು. ಹನ್ನೊಂದರಿಂದ ಹನ್ನೆರಡಕ್ಕೆ ಕಾಲಿಡುವ ಮಾರ್ಗರೆಟ್ ಎಲ್ಲರಿಗೂ ಆದದ್ದು ನನಗೆ ಯಾವಾಗ ಎಂದು ಮುಟ್ಟಿಗೆ ಕಾಯುತ್ತಾಳೆ. ಹದಿನಾರು ದಾಟಿದವರ ಕಥೆಯಲ್ಲಿ ಪ್ರಶ್ನೆ ಬದಲಾಗುತ್ತದೆ: ನಾನು ಏನು ಮಾಡಲಿ, ಮಾಡಿದ್ದಕ್ಕೆ ಹೊಣೆ ಯಾರು? ಅದೇ ಜೂಡಿ ಬ್ಲೂಮ್ 1975ರಲ್ಲಿ ಬರೆದ 'ಫಾರೆವರ್'ನಲ್ಲಿ ಹೈಸ್ಕೂಲಿನ ಕೊನೆಯ ವರ್ಷದ ಹುಡುಗಿಯೊಬ್ಬಳು ಮೊದಲ ಪ್ರೇಮಕ್ಕೆ, ಮೊದಲ ದೈಹಿಕ ಸಂಬಂಧಕ್ಕೆ ಯೋಚಿಸಿ ಒಪ್ಪುತ್ತಾಳೆ. ಅವಳಿಗೆ ಯಾವ ಶಿಕ್ಷೆಯೂ ಆಗುವುದಿಲ್ಲ, ಮದುವೆಯೂ ಆಗುವುದಿಲ್ಲ. ಪ್ರೀತಿ ಮುಗಿಯುತ್ತದೆ, ಬದುಕು ಮುಂದುವರಿಯುತ್ತದೆ. ಆ ಪುಸ್ತಕವನ್ನು ಶಾಲೆಯ ಲೈಬ್ರರಿಗಳಿಂದ ತೆಗೆಸುವ ಪ್ರಯತ್ನಗಳು ದಶಕಗಳ ಕಾಲ ನಡೆದವು. ಒಬ್ಬಳೇ ಲೇಖಕಿ, ಐದು ವರ್ಷದ ಅಂತರ, ಎರಡು ಬೇರೆ ವಯಸ್ಸಿನ ಎರಡು ಬೇರೆ ಪುಸ್ತಕ.

ಈ ಗೆರೆಗಳು ಈಚೆಗೆ ಸರಿಯುತ್ತಿವೆ. 'ಟ್ವೈಲೈಟ್' 2005ರಲ್ಲಿ, 'ದಿ ಹಂಗರ್ ಗೇಮ್ಸ್' 2008ರಲ್ಲಿ, ಜಾನ್ ಗ್ರೀನ್ ಅವರ 'ದಿ ಫಾಲ್ಟ್ ಇನ್ ಅವರ್ ಸ್ಟಾರ್ಸ್' 2012ರಲ್ಲಿ ಬಂದವು. ಇವನ್ನು ದೊಡ್ಡವರೂ ಮುಗಿಬಿದ್ದು ಓದಿದರು. 2012ರ ಬೌಕರ್ ಸಂಸ್ಥೆಯ ಸಮೀಕ್ಷೆಯೊಂದರ ಪ್ರಕಾರ ಅಮೆರಿಕದಲ್ಲಿ ಈ ವಯಸ್ಸಿನವರಿಗೆಂದು ಪ್ರಕಟವಾದ ಪುಸ್ತಕಗಳನ್ನು ಕೊಳ್ಳುವವರಲ್ಲಿ ಶೇಕಡ 55ರಷ್ಟು ಜನ ಹದಿನೆಂಟು ದಾಟಿದವರು. ಕೊಳ್ಳುವವರು ದೊಡ್ಡವರಾದಂತೆ ಪುಸ್ತಕಗಳೂ ದೊಡ್ಡವಾದವು. ಹದಿನೆಂಟು ದಾಟಿ ಕಾಲೇಜು, ಮೊದಲ ಕೆಲಸ ಎಂದು ತಡಕಾಡುವವರಿಗೆ 'ನ್ಯೂ ಅಡಲ್ಟ್' ಎಂಬ ಇನ್ನೊಂದು ಹೆಸರು 2009ರಲ್ಲಿ ಹುಟ್ಟಿತು. ಸಾರಾ ಜೆ. ಮಾಸ್ ಅವರ 'ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್' 2015ರಲ್ಲಿ ಹದಿಹರೆಯದವರ ಪಟ್ಟಿಯಲ್ಲಿ ಬಂದು, ಕೆಲವು ವರ್ಷಗಳ ಮೇಲೆ ಹೊಸ ಮುಖಪುಟ ತೊಟ್ಟು ವಯಸ್ಕರ ಕಪಾಟಿಗೆ ಹೋಯಿತು. ಒಳಗಿನ ಕಥೆ ಅದೇ. ಹೀಗೆ ಮೇಲಿನವರ ಕಡೆಗೆ ವಾಲಿದಾಗ ಕೈಬಿಟ್ಟು ಹೋಗುವವರು ಹದಿಮೂರು ಹದಿನಾಲ್ಕರವರು. ಅಷ್ಟು ದೊಡ್ಡ ಮಾರುಕಟ್ಟೆಯಲ್ಲೂ ನಡುವಿನ ಓದುಗರು ಮತ್ತೆ ಮತ್ತೆ ಜಾರಿಹೋಗುತ್ತಾರೆ.

*

ನಮ್ಮ ದೇಶದಲ್ಲಿ ಬಂಗಾಳಿಗಳಿಗೆ ಈ ಸಾಹಿತ್ಯಕ್ಕೆ ಹಳೆಯ ಹೆಸರೇ ಇದೆ: ಕಿಶೋರ ಸಾಹಿತ್ಯ. ಸತ್ಯಜಿತ್ ರಾಯ್ ತಾತನ ಕಾಲದ 'ಸಂದೇಶ್' ಪತ್ರಿಕೆಯನ್ನು 1961ರಲ್ಲಿ ಮತ್ತೆ ಶುರುಮಾಡಿ, 1965ರಲ್ಲಿ ಅದರಲ್ಲೇ ಪತ್ತೇದಾರ ಫೆಲೂದಾನನ್ನು ಹುಟ್ಟಿಸಿದರು. ಆ ಕಥೆಗಳನ್ನು ಹೇಳುವವನು ಹದಿಹರೆಯದ ತೋಪ್ಸೆ. ಅದು ಹೊರಗಿನ ಸಾಹಸದ ಲೋಕ. ಅಲ್ಲಿ ಹೆಣ್ಣು ಪಾತ್ರಗಳು ಬಹಳ ವಿರಳ, ಪ್ರೇಮವಂತೂ ಹತ್ತಿರ ಸುಳಿಯುವುದಿಲ್ಲ. ಒಳಗಿನ ಗೊಂದಲದ ಕಥೆಗಳು ಬಂದದ್ದು ತೀರಾ ಈಚೆಗೆ, ಅದೂ ಹೆಚ್ಚಾಗಿ ಭಾರತೀಯ ಇಂಗ್ಲಿಷಿನಲ್ಲಿ. ಹಿಮಾಂಜಲಿ ಶಂಕರ್ ಅವರ 'ಟಾಕಿಂಗ್ ಆಫ್ ಮುಸ್ಕಾನ್' ಕಾದಂಬರಿಯಲ್ಲಿ ಆತ್ಮಹತ್ಯೆಗೆ ಪ್ರಯತ್ನಿಸಿದ ಹುಡುಗಿಯ ಬಗ್ಗೆ ಅವಳ ಮೂವರು ಸಹಪಾಠಿಗಳು ಮಾತಾಡುತ್ತಾರೆ. ಬೆಂಗಳೂರಿನಲ್ಲೇ ನಡೆಯುವ ನೀವ್ ಸಾಹಿತ್ಯ ಹಬ್ಬ ಇಂಥ ಪುಸ್ತಕಗಳಿಗೆ 'ಯಂಗ್ ಅಡಲ್ಟ್' ಎಂಬ ಬೇರೆ ವಿಭಾಗದಲ್ಲೇ ಪ್ರಶಸ್ತಿ ಕೊಡುತ್ತದೆ. ಅದು ಇಂಗ್ಲಿಷ್ ಪುಸ್ತಕಗಳಿಗೆ.

ಕನ್ನಡದಲ್ಲಿ? ಕೇಂದ್ರ ಸಾಹಿತ್ಯ ಅಕಾಡೆಮಿಯ ಎರಡು ಪ್ರಶಸ್ತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ವಿಷಯ ಅರ್ಥವಾಗುತ್ತದೆ. 2010ರಿಂದ ಕೊಡುತ್ತಿರುವ ಬಾಲ ಸಾಹಿತ್ಯ ಪುರಸ್ಕಾರ ಒಂಬತ್ತರಿಂದ ಹದಿನಾರು ವರ್ಷದ ಓದುಗರಿಗಾಗಿ ಬರೆದದ್ದಕ್ಕೆ. 2011ರಿಂದ ಕೊಡುತ್ತಿರುವ ಯುವ ಪುರಸ್ಕಾರ ಮೂವತ್ತೈದು ಮೀರದ ಬರಹಗಾರರಿಗೆ. ಒಂದರಲ್ಲಿ ಎಣಿಸುವುದು ಓದುವವರ ವಯಸ್ಸು, ಇನ್ನೊಂದರಲ್ಲಿ ಬರೆಯುವವರ ವಯಸ್ಸು. ಹದಿನೇಳರ ಓದುಗಳು ಎರಡರಲ್ಲೂ ಇಲ್ಲ. ಒಂಬತ್ತರ ಮಗುವೂ ಹದಿನಾರರ ಹುಡುಗಿಯೂ ಒಂದೇ ಚಾಪೆಯ ಮೇಲೆ ಕೂತಿದ್ದಾರೆ. ಹಾಗೆ ಕೂರಿಸಿದಾಗ ಪುಸ್ತಕ ಒಂಬತ್ತರ ಕಡೆಗೇ ಬಾಗುವುದು ಸಹಜ.

ಆದರೂ ಒಂದು ಚಲನೆ ಕಾಣುತ್ತಿದೆ. ಕನ್ನಡದ ಮಕ್ಕಳ ಸಾಹಿತ್ಯ ಎಂದರೆ ಪದ್ಯ, ಸಣ್ಣ ಕಥೆ, ನಾಟಕ ಎಂಬ ಕಾಲ ದಾಟಿ ಕಾದಂಬರಿಗಳು ಬರುತ್ತಿವೆ. ಬಾಲ ಪುರಸ್ಕಾರ 2021ರಲ್ಲಿ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', 2022ರಲ್ಲಿ ತಮ್ಮಣ್ಣ ಬೀಗಾರ ಅವರ 'ಬಾವಲಿ ಗುಹೆ', 2023ರಲ್ಲಿ ವಿಜಯಶ್ರೀ ಹಾಲಾಡಿ ಅವರ 'ಸೂರಕ್ಕಿ ಗೇಟ್', ಹೀಗೆ ಸಾಲಾಗಿ ಮೂರು ಸಲ ಕಾದಂಬರಿಗಳಿಗೇ ಬಂದಿದೆ. ಕಾದಂಬರಿ ಬರೆಯಲು ಹೊರಟರೆ ಪಾತ್ರ ಬೆಳೆಯಲೇಬೇಕು, ಪಾತ್ರದೊಡನೆ ಓದುಗನೂ ಒಂದಿಷ್ಟು ಎತ್ತರ ಆಗಲೇಬೇಕು. ಈ ಸಾಲು ಇನ್ನು ನಾಲ್ಕು ಹೆಜ್ಜೆ ಮುಂದಿಟ್ಟರೆ ಪಿಯುಸಿಯ ಬಾಗಿಲು.

*

ಆ ಬಾಗಿಲಿನ ಬಳಿಯೇ ನಾನು ಎಡವಿದ್ದು. ಅದಕ್ಕೇ ಈ ವಿಷಯ ನನಗೆ ಬರೀ ಪ್ರಬಂಧದ ಅಧ್ಯಾಯವಲ್ಲ.

ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯವಳು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ. ಪಂಚಾಯ್ತಿ ಲೈಬ್ರರಿಯಲ್ಲಿ 'ಬಾಲಮಂಗಳ'ದ ಡಿಂಗನಿಂದ ಶುರುವಾಗಿ 'ಚಂದಮಾಮ', ಭಾರತ ಭಾರತಿಯ ಪುಟ್ಟ ಪುಸ್ತಕಗಳು, ಆಮೇಲೆ ಅತ್ತೆ ದಿಂಬಿನ ಕೆಳಗಿಡುತ್ತಿದ್ದ ಸಾಯಿಸುತೆಯವರ ಕಾದಂಬರಿಗಳು, ಹೀಗೆ ಸಿಕ್ಕಿದ್ದನ್ನೆಲ್ಲ ಓದಿದವಳು. ಒಳ್ಳೆಯ ಅಂಕ ಬಂತು. ಅಂಕ ಬಂದವರು ಸೈನ್ಸ್ ತೆಗೆದುಕೊಳ್ಳಬೇಕು ಎಂಬ ನಮ್ಮ ಕಡೆಯ ನಿಯಮದಂತೆ ಪಟ್ಟಣದ ಕಾಲೇಜಿಗೆ ಸೇರಿದೆ. ಅಲ್ಲಿ ಎಲ್ಲವೂ ಇಂಗ್ಲಿಷ್.

ಎರಡನೇ ತಿಂಗಳೋ ಏನೋ, ಭೌತಶಾಸ್ತ್ರದ ತರಗತಿಯಲ್ಲಿ ಮೊಮೆಂಟಮ್ ಎಂದರೇನು ಎಂದು ಕೇಳಿದರು. ನನಗೆ ಗೊತ್ತಿತ್ತು. ಎದ್ದು ನಿಂತು, "ಸಂವೇಗ ಸರ್. ದ್ರವ್ಯರಾಶಿ ಮತ್ತು ವೇಗದ ಗುಣಲಬ್ಧ" ಎಂದೆ. ಇಡೀ ತರಗತಿ ನಕ್ಕಿತು. ಮೇಷ್ಟ್ರು ನಗಲಿಲ್ಲ. "ಪರೀಕ್ಷೆಯಲ್ಲಿ ಹೀಗೆ ಬರೆದರೆ ನಡೆಯಲ್ಲಮ್ಮ, ಇಂಗ್ಲಿಷಲ್ಲಿ ಹೇಳು" ಎಂದರು. ಹೇಳಲಾಗಲಿಲ್ಲ. ಕೂತೆ. ಉತ್ತರ ಸರಿ ಇತ್ತು ಎಂದು ಯಾರೂ ಹೇಳಲಿಲ್ಲ. ಆಮೇಲೆ ಎರಡು ವರ್ಷ ಆ ತರಗತಿಯಲ್ಲಿ ನಾನು ಬಾಯಿ ತೆರೆಯಲಿಲ್ಲ.

ಅದಕ್ಕಿಂತ ದೊಡ್ಡ ನಷ್ಟ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆ ಎರಡು ವರ್ಷ ನಾನು ಪಠ್ಯ ಬಿಟ್ಟು ಒಂದೂ ಪುಸ್ತಕ ಓದಿಲ್ಲ. ಹಾಸ್ಟೆಲಿನಲ್ಲಿ ಕನ್ನಡ ಕಾದಂಬರಿ ಹಿಡಿದು ಕೂತರೆ ಹಿಂದುಳಿದವಳೆಂದು ನಾನೇ ಒಪ್ಪಿಕೊಂಡ ಹಾಗೆ. ಇಂಗ್ಲಿಷ್ ಕಾದಂಬರಿ ಹಿಡಿದರೆ ಪುಟಕ್ಕೆ ಹತ್ತು ಪದ ಅಡ್ಡ. ಓದುವುದೇ ನಿಂತುಹೋಯಿತು. ಪಿಯುಸಿ ಹೇಗೋ ದಾಟಿ, ಮನೆಯಲ್ಲಿ ಜಗಳವಾಡಿ ಬಿಎಗೆ ಕನ್ನಡ ತೆಗೆದುಕೊಂಡ ಮೇಲೆ ಮತ್ತೆ ಓದು ಕೈಗೆ ಬಂತು. ನನ್ನ ಪಕ್ಕದ ಮಂಚದವಳಿಗೆ ಹಾಗೆ ಬರಲಿಲ್ಲ. ಅವಳು ನನಗಿಂತ ಹೆಚ್ಚು ಓದುತ್ತಿದ್ದವಳು. ಮೊದಲ ವರ್ಷದ ಪರೀಕ್ಷೆಯಲ್ಲಿ ಫೇಲಾಗಿ ಊರಿಗೆ ಹೋದಳು, ಮತ್ತೆ ಬರಲಿಲ್ಲ. ಅವಳ ಟ್ರಂಕಿನಲ್ಲಿದ್ದ ತೇಜಸ್ವಿಯವರ 'ಪರಿಸರದ ಕತೆ' ಈಗಲೂ ನನ್ನ ಹತ್ತಿರ ಇದೆ. ಹೋಗುವಾಗ, "ನೀನೇ ಇಟ್ಕೊ, ನಂಗಿನ್ನು ಯಾಕೆ" ಎಂದಿದ್ದಳು.

ಚಿಕ್ಕಪ್ಪನ ಮಗಳ ಕಪಾಟಿನ 'ದಿ ಹೇಟ್ ಯು ಗಿವ್' 2017ರಲ್ಲಿ ಬಂದದ್ದು. ಅದನ್ನು ಅವಳ ಮನೆಯಲ್ಲೇ ಕೂತು ಓದಿದೆ. ಪೊಲೀಸರ ಗುಂಡಿಗೆ ಗೆಳೆಯ ಬಲಿಯಾದದ್ದನ್ನು ಕಣ್ಣಾರೆ ಕಂಡ ಹದಿನಾರರ ಕಪ್ಪು ಹುಡುಗಿ ಸ್ಟಾರ್‌ಳ ಕಥೆ. ನನ್ನನ್ನು ತಡೆದು ನಿಲ್ಲಿಸಿದ್ದು ಗುಂಡಿನ ಭಾಗ ಅಲ್ಲ. ಸ್ಟಾರ್ ತನ್ನ ಬಡಾವಣೆಯಲ್ಲಿ ಒಂದು ಇಂಗ್ಲಿಷ್ ಆಡುತ್ತಾಳೆ, ಬಿಳಿಯರೇ ತುಂಬಿರುವ ಶಾಲೆಯಲ್ಲಿ ಇನ್ನೊಂದು. ಶಾಲೆಯ ಗೇಟು ದಾಟಿದ ಕೂಡಲೇ ಯಾವ ಪದ ಬಾಯಿಂದ ಬೀಳಬಾರದು ಎಂದು ಲೆಕ್ಕ ಹಾಕುತ್ತಾಳೆ. ಹತ್ತು ವರ್ಷ ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಒಂದು ಲೆಕ್ಕವನ್ನು ಅಮೆರಿಕದ ಯಾವುದೋ ಊರಿನ ಹುಡುಗಿ ಹೇಳಿಬಿಟ್ಟಿದ್ದಳು. ಅವಳ ಕಷ್ಟ ನನ್ನದಕ್ಕಿಂತ ಎಷ್ಟೋ ದೊಡ್ಡದು. ಆದರೂ ಆ ಎರಡು ನಾಲಿಗೆಯ ಭಯ ನನಗೆ ಗೊತ್ತಿತ್ತು. ಹದಿನಾರರಲ್ಲಿ ಇಂಥದೊಂದು ಪುಸ್ತಕ ಕನ್ನಡದಲ್ಲಿ ಸಿಕ್ಕಿದ್ದರೆ ಭೌತಶಾಸ್ತ್ರ ಬರುತ್ತಿರಲಿಲ್ಲ, ಸರಿ. ನಾನು ದಡ್ಡಿಯಲ್ಲ ಎಂಬುದಾದರೂ ಗೊತ್ತಾಗುತ್ತಿತ್ತು.

*

ಕನ್ನಡದಲ್ಲಿ ಈ ಸಾಹಿತ್ಯ ಬೆಳೆಯದಿರುವುದಕ್ಕೆ ಲೇಖಕರ ಉದಾಸೀನವನ್ನೋ ಪ್ರಕಾಶಕರ ಲೆಕ್ಕಾಚಾರವನ್ನೋ ದೂರುವುದು ಸುಲಭ. ನನಗೆ ಕಾಣುವ ಮುಖ್ಯ ಕಾರಣ ಬೇರೆ. ಹಿಂಟನ್‌ರ ಓದುಗರು ಹದಿನಾರರಲ್ಲಿ ಭಾಷೆ ಬದಲಿಸಬೇಕಿರಲಿಲ್ಲ. ಬಂಗಾಳದ ತೋಪ್ಸೆ ತನ್ನ ಕಥೆಯನ್ನು ಬಂಗಾಳಿಯಲ್ಲೇ ಬರೆದುಕೊಂಡ. ಕನ್ನಡ ಮಾಧ್ಯಮದ ಹುಡುಗ ಹುಡುಗಿಯರು ತಮ್ಮ ಬಗ್ಗೆ ತಾವು ಯೋಚಿಸಲು ಶುರುಮಾಡುವ ಹೊತ್ತಿಗೇ, ಯೋಚಿಸಲು ಇದ್ದ ಭಾಷೆಯನ್ನು ಗೇಟಿನ ಹೊರಗೆ ಬಿಟ್ಟು ಒಳಗೆ ಹೋಗಬೇಕಾಗುತ್ತದೆ. ಇಂಗ್ಲಿಷ್ ಮಾಧ್ಯಮದವರಿಗೋ ಕನ್ನಡ ಅಷ್ಟು ಹೊತ್ತಿಗೆ ಒಂದು ಸಬ್ಜೆಕ್ಟ್ ಆಗಿರುತ್ತದೆ. ನನ್ನ ಗೆಳತಿಗೆ ಕನ್ನಡ ಓದಲು ಚೆನ್ನಾಗಿ ಬರುತ್ತಿತ್ತು, ಅವಳಿಗೆಂದು ಪುಸ್ತಕ ಇರಲಿಲ್ಲ. ತಂಗಿಗೆ ಪುಸ್ತಕಗಳ ರಾಶಿ ಇದೆ, ಕನ್ನಡ ಕೂಡಿಸಿ ಕೂಡಿಸಿ ಓದಬೇಕು. ಇಬ್ಬರಿಗೂ ಬೇಕಾದದ್ದು ಒಂದೇ ಪುಸ್ತಕ.

ಹಾಗೆಂದು ಈ ವಯಸ್ಸಿನವರು ಕನ್ನಡದಲ್ಲಿ ಏನೂ ಓದುತ್ತಿಲ್ಲ ಎಂದಲ್ಲ. 2014ರಲ್ಲಿ ಬೆಂಗಳೂರಿನಲ್ಲೇ ಶುರುವಾದ 'ಪ್ರತಿಲಿಪಿ'ಯ ಧಾರಾವಾಹಿಗಳನ್ನು ಬಸ್ಸಿನಲ್ಲಿ ಮೊಬೈಲ್ ಹಿಡಿದು ಓದುವ ಹುಡುಗಿಯರನ್ನು ನಾನೇ ನೋಡಿದ್ದೇನೆ. ಒಮ್ಮೆ ಪಕ್ಕ ಕೂತವಳನ್ನು ಏನು ಕಥೆ ಎಂದು ಕೇಳಿದೆ. "ಆಫೀಸ್ ಬಾಸ್‌ಗೂ ಇವಳಿಗೂ ಕಾಂಟ್ರಾಕ್ಟ್ ಮದ್ವೆ ಅಕ್ಕ" ಎಂದು ನಾಚಿದಳು. ಆ ಹುಡುಗಿಯ ಬ್ಯಾಗಿನಲ್ಲಿ ಪಿಯುಸಿ ಅಕೌಂಟೆನ್ಸಿ ಪುಸ್ತಕ ಇತ್ತು. ನಾನು ನನ್ನ ಅತ್ತೆಯ ದಿಂಬಿನ ಕೆಳಗಿನಿಂದ ಓದಿದ್ದೂ ದೊಡ್ಡವರ ಮದುವೆಯ ಕಥೆಗಳನ್ನೇ. ಓದುವ ಹಸಿವು ಇದೆ, ಕನ್ನಡದಲ್ಲೇ ಇದೆ. ತನ್ನ ವಯಸ್ಸಿನ ಕಥೆ ಸಿಗದೆ ಅದು ದೊಡ್ಡವರ ಕಥೆಗೆ ಹೋಗಿ ಕೂರುತ್ತದೆ.

ಬರೆಯುವುದಾದರೆ ಯಾವ ಕನ್ನಡದಲ್ಲಿ ಎಂಬುದೂ ಸಣ್ಣ ಪ್ರಶ್ನೆಯಲ್ಲ. ಹಿಂಟನ್‌ರ ಹುಡುಗರು ತಮ್ಮ ಬೀದಿಯ ಮಾತನ್ನೇ ಆಡುತ್ತಾರೆ. ನಮ್ಮ ಸಾಹಿತ್ಯಕ್ಕೂ ಆಡುಮಾತಿನ ಭಯವಿಲ್ಲ. ದೇವನೂರ ಮಹಾದೇವರ 'ಕುಸುಮಬಾಲೆ' ನಂಜನಗೂಡು ಸೀಮೆಯ ನುಡಿಯಲ್ಲಿ ಬಂತು, 1990ರಲ್ಲಿ ಅದಕ್ಕೆ ಅಕಾಡೆಮಿ ಪ್ರಶಸ್ತಿಯೂ ಬಂತು. ಆದರೆ ಹಾಸ್ಟೆಲಿನ, ಟ್ಯೂಷನ್ನಿನ, ಬಸ್ ಸ್ಟ್ಯಾಂಡಿನ ಅರ್ಧ ಇಂಗ್ಲಿಷ್ ಕನ್ನಡವನ್ನು ಮಾತ್ರ ನಾವು ಕೆಟ್ಟ ಕನ್ನಡ ಎಂದೇ ನೋಡುತ್ತೇವೆ, ಕಥೆಯಲ್ಲಿ ಬಂದರೆ ನಗಿಸಲು ಬಳಸುತ್ತೇವೆ. ಹದಿನಾರರ ಹುಡುಗಿ ತಾನು ಅಳುವುದೂ ಆ ಭಾಷೆಯಲ್ಲೇ ಎಂಬುದನ್ನು ಒಪ್ಪುವ ಕಾದಂಬರಿ ಬೇಕು.

ಈ ಅಧ್ಯಾಯವನ್ನು ಪ್ರಬಂಧದಲ್ಲಿ ಸೇರಿಸುತ್ತೇನೆ ಎಂದಾಗ ನನ್ನ ಮಾರ್ಗದರ್ಶಕರು ಪ್ರೀತಿಯಿಂದಲೇ, "ಆಕರವೇ ಇಲ್ಲದ್ದಕ್ಕೆ ಅಧ್ಯಾಯ ಹೇಗೆ ಬರೀತೀರಿ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಸಂಶೋಧನೆ ಇರುವುದರ ಮೇಲೆ ನಡೆಯಬೇಕು. ಹಾಗಾಗಿ ಪ್ರಬಂಧದಲ್ಲಿ ಅದು ನಾಲ್ಕು ಪುಟದ ಟಿಪ್ಪಣಿಯಾಗಿ ಉಳಿಯುತ್ತದೆ.

ಟಿಪ್ಪಣಿ ಮುಗಿಸಿದ ರಾತ್ರಿ ಬೇರೆ ಕಡತದಲ್ಲಿ ಒಂದೂವರೆ ಪುಟ ಬರೆದೆ. ಒಬ್ಬ ಹುಡುಗಿ ಎದ್ದು ನಿಂತು ಸಂವೇಗ ಎನ್ನುತ್ತಾಳೆ, ತರಗತಿ ನಗುತ್ತದೆ. ಈಗಿನ ನನ್ನ ಬುದ್ಧಿಯನ್ನು ಅವಳ ಬಾ‌ಯಲ್ಲಿ ತುರುಕದಂತೆ ತಡೆದುಕೊಳ್ಳುವುದೇ ಕಷ್ಟವಾಯಿತು. ಎರಡು ಸಲ ಅಳಿಸಿದೆ. ಮೂರನೇ ಸಲದ್ದನ್ನು ತಂಗಿಗೆ ವಾಟ್ಸಾಪ್ ಮಾಡಿದೆ. ಅವಳೂ ಈಗ ಪಿಯುಸಿಗೆ ಸೇರಿದ್ದಾಳೆ. ಕನ್ನಡ ಓದಲು ಅವಳಿಗೆ ಹೊತ್ತು ಹಿಡಿಯುತ್ತದೆ. ಮರುದಿನ ಬೆಳಿಗ್ಗೆ ಉತ್ತರ ಬಂದಿತ್ತು:

"ಅಕ್ಕ, ಇದನ್ನ ಆ ಹುಡುಗಿ ಓದಬಹುದು. ಆದ್ರೆ ಪಕ್ಕದ ಮಂಚದವಳು ಎಲ್ಲಿ?"

ಅವಳ ಬಗ್ಗೆ ನಾನು ತಂಗಿಗೆ ಒಮ್ಮೆ ಮಾತಿನ ನಡುವೆ ಹೇಳಿದ್ದೆನಷ್ಟೆ, ನೆನಪಿಟ್ಟುಕೊಂಡಿದ್ದಾಳೆ. ಇನ್ನು ಆ ಪುಟ ಬರೆಯಬೇಕು.